ಹೈಡ್ರೋಸ್ ಡಬ್ಬಿಯ ಚೀಟಿ

ಬೆಟಗೇರಿಯ ಬಣ್ಣದ ಮನೆಯಲ್ಲಿ ನನಗೆ ಕೊಟ್ಟ ಕೆಲಸ
ಡಬ್ಬಿಗಳಿಗೆ ಕನ್ನಡದ ಚೀಟಿ ಬರೆಯುವುದು.
ಬಿಳಿ ಪುಡಿ, ಐವತ್ತು ಕಿಲೋ,
ಮುಚ್ಚಳ ತೆಗೆದರೆ ಗೀರಿದ ಕಡ್ಡಿಯ ಘಾಟು.

ಬರೆದೆ:
ತನ್ನಷ್ಟಕ್ಕೆ ತಾನೇ ಕಾಯುತ್ತದೆ, ಹೊತ್ತಿಕೊಳ್ಳಬಹುದು. ವರ್ಗ ಒಂದು.
ನುಂಗಿದರೆ ಹಾನಿ. ವರ್ಗ ನಾಲ್ಕು.

ಓದಿಸಿ ಕೇಳಿದ ಮೋದಿನಸಾಬ
ಲಡಿ ಹಿಂಡುತ್ತ ನಕ್ಕ:
“ಸಾಲ್ಯಾಗ ಒಂದನೇ ನಂಬರ ಬಂದ್ರ ಪೇಢೆ ಹಂಚತಿದ್ರು.
ಇಲ್ಲಿ ಒಂದನೇ ನಂಬರಿನಾಂವ
ಮನಿ ಸುಡತಾನೇನವಾ?”

ಹೌದು ಕಾಕಾ,
ಇಲ್ಲಿ ಅಂಕಿ ಸಣ್ಣದಾದಷ್ಟು ಗಂಡಾಂತರ ದೊಡ್ಡದು.

“ಕಾಯತೈತಿ ಅಂತ ಬರದಿ. ಯಾರನ್ನ ಕಾಯತೈತಿ?”

ನೀರನ್ನ, ಅಂದೆ.
ತಮಾಷೆಗೆ ಅಂದದ್ದು.
ಇಬ್ಬರೂ ತಲೆ ಎತ್ತಿ ತಗಡಿನ ತೂತು ನೋಡಿದೆವು,
ಅದರ ನೇರ ಕೆಳಗೆ
ಬಾಯಿ ತೆರೆದ ಡಬ್ಬಿ.
ಅವನು ಲಡಿ ಬಿಟ್ಟು, ಮಾತಿಲ್ಲದೆ,
ಅದನ್ನು ಗೋಡೆಯತ್ತ ಎಳೆದ.

ಮುಂದಿನ ಸಾಲು:
ವರ್ಷಗಟ್ಟಲೆ ಉಸಿರಿಗೆ ಹೋದರೆ?
ಕಂಪನಿಯ ಹಾಳೆಯಲ್ಲಿತ್ತು: ಮಾಹಿತಿ ಲಭ್ಯವಿಲ್ಲ.
ಮೂವತ್ತೊಂದು ವರ್ಷ ಅದೇ ತೊಟ್ಟಿಯ ಮೇಲೆ ಬಾಗಿದವನು
ಆಗಲೇ ಕೆಮ್ಮತೊಡಗಿದ.
ಮುಗಿಯಲಿ ಎಂದು
ಪೆನ್ನು ಎತ್ತಿ ಹಿಡಿದೆ.
ಮುಗಿಯಲಿಲ್ಲ. ಹಾಳೆಯಲ್ಲಿದ್ದುದನ್ನೇ ಬರೆದೆ.

ತೊಟ್ಟಿಯಿಂದ ಲಡಿ ಹಸಿರಾಗಿ ಎದ್ದು,
ಗಾಳಿ ತಾಗಿ,
ನೋಡನೋಡುತ್ತ ನೀಲಿಯಾಯಿತು.

ಅಂಟು ಸಾಲದೆ ಚೀಟಿಯ ಒಂದು ಮೂಲೆ ಏಳುತ್ತಿತ್ತು.
“ತಡಿ” ಅಂದವನೇ
ಹೆಬ್ಬೆರಳಿನಿಂದ ಒತ್ತಿ ಹಿಡಿದ,
ಒಣಗುವವರೆಗೆ.

ಕೊನೆಯ ಸಾಲಿನ ಪಕ್ಕ
ಗೆರೆಗೆರೆಯಾಗಿ ನೀಲಿ ಉಳಿಯಿತು.
ಹೊಸ ಚೀಟಿ ಬರೆಯಬೇಕಿತ್ತು.
ಬರೆಯಲಿಲ್ಲ.