ರೆ

ಮಲ್ಪೆ ಬಂದರಿನ ಐಸ್ ಪ್ಲಾಂಟಿನಲ್ಲಿ
ನನಗೆ ರಾತ್ರಿಪಾಳಿ.
ಮಂಜುಗಡ್ಡೆ ಕಂಡರಾಗದವನು ಇಲ್ಲಿಗೇ ಬಂದದ್ದೇಕೆಂದು
ಹೆಂಡತಿ ಕೇಳಿ ಕೇಳಿ ಬಿಟ್ಟಳು.
ನಿಜ ಹೇಳಲೆ? ಇಲ್ಲಿ ಗಮ್ ಬೂಟು ಕೊಡುತ್ತಾರೆ.
ಗಮ್ ಬೂಟಿಗೆ ಲೇಸಿಲ್ಲ.

ಅವತ್ತು ಒಂದು ಹಗ್ಗಕ್ಕೆ ನಾಲ್ಕು ಮಂದಿ.
ಮೊದಲ ಕೊಕ್ಕೆ ನನ್ನದು.
ಸಿಕ್ಕಿಸಿಕೊಳ್ಳುವ ಹೊತ್ತಿಗೆ ಬೂಟಿನ ಲೇಸು ಸಡಿಲ.
ಬಗ್ಗಿದೆ.
ತೇನಿಯ ಸೆಲ್ವಂ ನನ್ನ ಜಾಗಕ್ಕೆ ಬಂದು ನಿಂತ,
"ನೀ ಪಿನ್ನಾಡಿ ವಾ" ಎಂದ. ಹಿಂದೆ ಬಾ.
ನೂರು ಹೆಜ್ಜೆ ಆಗಿರಲಿಲ್ಲ,
ಹಿಮದ ಸೇತುವೆ ಸದ್ದಿಲ್ಲದೆ ಬಾಯಿ ತೆರೆಯಿತು.
ಹಗ್ಗ ನನ್ನ ಕೈಗವಸು ಸುಡುತ್ತ ಓಡಿ
ತುಂಡಾಯಿತು.

ಆಮೇಲೆ ಶುರುವಾದದ್ದು ಈ ರೆ.
ಬಗ್ಗದಿದ್ದರೆ.
ಲೇಸನ್ನು ಟೆಂಟಿನಲ್ಲೇ ಬಿಗಿದಿದ್ದರೆ.
ಅವನ ಕಾಲರ್ ಹಿಡಿದು ಹಿಂದಕ್ಕೆ ಎಳೆದಿದ್ದರೆ.
ಪಿಂಚಣಿಗೆ ಬಂದೆ, ಅದೂ ನನ್ನೊಟ್ಟಿಗೆ ರೈಲು ಹತ್ತಿತು.
ಸಮುದ್ರಕ್ಕೆ ಬೆನ್ನು ಹಾಕಿ ಮಲಗಿದರೂ
ತೆರೆಯ ಬಾಲದಲ್ಲಿ ಅದೇ: ರೆ, ರೆ.

ಅಜ್ಜರಕಾಡಿನ ಆಸ್ಪತ್ರೆಯ ಫ್ಲೇವಿಯಾ ಮೇಡಂ
ಮಾತ್ರೆ ಕೊಡುತ್ತಾರೆಂದುಕೊಂಡರೆ
ನೂರು ಪುಟದ ನೋಟ್‌ಬುಕ್ ಕೊಟ್ಟರು.
"ಒಂದೊಂದು ರೆಗೂ ಒಂದು ಗೀಟು ಹಾಕಿ."
ಮೊದಲ ದಿನ ಅರುವತ್ತಮೂರು,
ಬಂಗುಡೆ ಎಣಿಸುವವರ ಹಾಗೆ ಐದೈದರ ಕಟ್ಟು.

ಮೂರನೇ ವಾರ ಕೇಳಿದರು,
"ಬಗ್ಗುವಾಗ ಗೊತ್ತಿತ್ತೆ, ಆ ಹಿಮದಡಿ ಟೊಳ್ಳೆಂದು?"
ಗೊತ್ತು, ಎಂದೆ.
"ಗೊತ್ತು ಅಲ್ಲ. ಗೊತ್ತಿತ್ತೆ?"
ಫ್ಯಾನು ತಿರುಗುತ್ತಿತ್ತು.
"ಇವತ್ತಿನ ಟಾರ್ಚನ್ನು ಅವತ್ತಿನ ಕೈಗೆ ಕೊಟ್ಟು
ಯಾಕೆ ನೋಡಲಿಲ್ಲ ಎಂದು ಬಯ್ಯುತ್ತೀರಿ."

ಸಿಟ್ಟು ಬಂತು. ಎದ್ದು ಬಂದೆ. ಎರಡು ವಾರ ಹೋಗಲಿಲ್ಲ.
ತಪ್ಪು ನನ್ನದಲ್ಲವೆಂದಾದ ಮೇಲೆ
ಸೆಲ್ವಂಗೆ ನಾನು ಯಾರು?
ಹೊತ್ತುಕೊಂಡಿರುವಷ್ಟು ದಿನ
ಅವನ ಕಡೆಯವನೆಂಬ ಹಕ್ಕಾದರೂ ಇತ್ತು.

ಮೊನ್ನೆ ಒಡಿಶಾದ ಹುಡುಗ ಸುದಾಮನನ್ನು
ಮೇಲಿನ ಕಟ್ಟೆಗೆ ಕಳಿಸಿದ್ದು ನಾನೇ.
ಗಡ್ಡೆ ಜಾರಿ ಅವನ ಎರಡು ಬೆರಳು ಜಜ್ಜಿತು.
ನನ್ನ ಬಾಯಿ ಆಗಲೇ ತೆರೆದಿತ್ತು, ಕಳಿಸದಿದ್ದರೆ—
ಅವನಿಗೆ ಕನ್ನಡ ಬರುವುದು ನಾಲ್ಕು ಮಾತು.
ಬೆರಳನ್ನು ಐಸಿಗೇ ಒತ್ತಿಕೊಂಡು, ಹಲ್ಲು ಕಚ್ಚಿ,
"ಐಸ್ ಅಲ್ವಾ. ಜಾರ್ತದೆ, ಮಾರಾಯ್ರೆ" ಎಂದ.

ಆ ರೆಗೂ ಗೀಟು ಹಾಕಬೇಕೆ ಎಂದು ಹೋಗಿ ಕೇಳಿದೆ.
ಮೇಡಂ ನಗಲಿಲ್ಲ.
ಬೇರೆ ಪುಟದಲ್ಲಿ ಹಾಕಿ, ಎಂದರು.

ಗುಣವಾಯಿತೆಂದು ಹೇಳುವುದಿಲ್ಲ.
ನಾಲ್ಕು ಗಂಟೆಗೆ ಕ್ರಶರ್ ಹಾಕಿದಾಗ ಈಗಲೂ
ಗೋಡೆ ಹುಡುಕುತ್ತದೆ ಬೆನ್ನು.
ನಿನ್ನೆ ಇಪ್ಪತ್ತಾರು ಗೀಟು. ಸೋಮವಾರ ನಲುವತ್ತು.
ಬೇರೆ ಪುಟದಲ್ಲಿ ಇನ್ನೂ ಒಂದೇ.

ಇವತ್ತು ಪಾಳಿ ಮುಗಿಸಿ, ಮಗಳನ್ನು ಶಾಲೆಗೆ ಬಿಡಲು
ಕಲ್ಮಾಡಿಯ ಸ್ಟಾಪಿನಲ್ಲಿ ನಿಂತಿದ್ದೆ.
ಅವಳ ಶೂ ಬಿಚ್ಚಿಕೊಂಡಿತ್ತು.
"ಲೇಸು ಅಂದ್ರೆ ಒಳ್ಳೇದು ಅಂತಲೂ ಉಂಟಂತೆ ಅಪ್ಪ,
ಟೀಚರ್ ಹೇಳಿದ್ರು."
ಬಗ್ಗಿದೆ.
ಅಷ್ಟರಲ್ಲಿ ಬಸ್ಸು. ನಮ್ಮ ಹಿಂದಿದ್ದವರು
ಮುಂದೆ ಹೋಗಿ ಹತ್ತಿದರು:
ಖಾಲಿ ಬುಟ್ಟಿಯ ಗುಲಾಬಕ್ಕ,
ಕೊಡೆ ಕಂಕುಳಲ್ಲಿಟ್ಟ ಯಾರೋ ಮಾಸ್ಟ್ರು.
ಬೆರಳು ನಡುಗಿ ಎರಡು ಸಲ ಗಂಟು ತಪ್ಪಿತು.
ಮಂಡಿಯೂರಿದಲ್ಲಿಂದಲೇ ತಲೆಯೆತ್ತಿ
ಬಸ್ಸು ಸೇತುವೆ ದಾಟುವವರೆಗೆ
ಕಣ್ಣು ಕೀಳದೆ ನೋಡಿದೆ.

ದಾಟಿತು.
ಕೆಳಗೆ ಹೊಳೆ ಇಳಿತದಲ್ಲಿತ್ತು.
ಕೆಸರಿನಲ್ಲಿ, ಒಂಟಿ ಕಾಲಲ್ಲಿ,
ಒಂದು ಕೊಕ್ಕರೆ.