ಮೊಟ್ಟೆ ಬಳಸುವುದಿಲ್ಲ

ಕೂತ್ಕೋ ಅಜ್ಮಲ್, ಸೊರಬದ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ.
ಕೈ ತೊಳೆದೆಯಾ? ಪಲಾವಿನ ವಾಸನೆ ಉಳಿದಿದ್ದರೆ
ಬೆರಳನ್ನೇ ಊಟ ಅಂದುಕೊಳ್ಳುತ್ತೆ.
ಕಚ್ಚಿದರೂ ಮುಳ್ಳುಬೇಲಿ ತರಚಿದಷ್ಟೇ,
ವಿಷವಿಲ್ಲ. ನಮ್ಮ ಓಣಿಗೆ ನೂರು ಸಲ ಹೇಳಿದೀನಿ,
ಓಣಿ ನೂರೊಂದನೇ ಸಲ ಕೇಳುತ್ತೆ.

ಇವಳು ತಾಯಿ. ಜೋನಿ ಬೆಲ್ಲದ ಬಣ್ಣ, ಅದಕ್ಕೇ ಜೋನಿ.
ಕಣ್ಣಿನ ಮೇಲೊಂದು ಕೆಳಗೊಂದು ಸುಣ್ಣದ ಗೆರೆ,
ಯಾರೋ ಬಾಗಿಲಿಗೆ ಬಳಿಯುತ್ತಾ
ಅರ್ಧಕ್ಕೆ ಎದ್ದು ಹೋದ ಹಾಗೆ.
ಟಾರ್ಚು ಬಿಡು ಬೆನ್ನಿಗೆ.
ಕಂಡಿತಾ? ಬಸ್‌ಸ್ಟ್ಯಾಂಡಿನ ಗುಂಡಿ ನೀರಲ್ಲಿ
ಡೀಸೆಲ್ ತೊಟ್ಟು ಬಿಚ್ಚಿಕೊಳ್ಳುವ ಬಣ್ಣ.
ಗಂಡು ಆ ಮಡಕೆಚೂರಿನ ಕೆಳಗೆ. ದಾರ ಅಂತೀನಿ,
ಅವಳ ಅರ್ಧವೂ ಇಲ್ಲ.
ಕೂಡಿದ ಮೂರು ರಾತ್ರಿ ಬಿಟ್ಟರೆ
ಬೇರೆ ಡಬ್ಬಿ, ಬೇರೆ ಬೀಗ.

ಆಫ್ರಿಕಾದಲ್ಲಿ ಮನೆ ಹಾವು ಅಂತಾರಂತೆ,
ಇಲಿಯ ಜಾಡು ಹಿಡಿದು ಜಗುಲಿ ಹತ್ತುತ್ತವಂತೆ.
ಹತ್ತಿದ್ದು ಇವಳ ಮುತ್ತಜ್ಜಿ ಯಾರೋ,
ಇವಳು ಹುಟ್ಟಿದ್ದು ಮೈಸೂರಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ.
ಅರ್ಜಿ ತುಂಬುವಾಗ ಸಾಕುವ ಉದ್ದೇಶ ಏನು ಅಂದರು.
ಎರಡು ದಿನ ಯೋಚಿಸಿ
'ನೋಡುವುದಕ್ಕೆ' ಅಂತ ಬರೆದೆ.

ಪಂಚಮಿಗೆ ಪಕ್ಕದ ಮನೆಯಿಂದ ಹಾಲು ಬರುತ್ತೆ.
ನಾನು ಕುಡೀತೀನಿ. ಇವಳಿಗೆ ನೀರು.
ಚೌತಿಯ ದಿನ ಮಾತ್ರ ಇಲಿ ಕೊಡಲ್ಲ,
ಕೈ ಬರಲ್ಲ.

ಒಂಬತ್ತು ಇಟ್ಟಳು ಒದ್ದೆ ಪಾಚಿಯಲ್ಲಿ,
ಒಂದಕ್ಕೊಂದು ಅಂಟಿಕೊಂಡ ಒಂಬತ್ತು.
ಮಗುಚಬಾರದು, ಮಗುಚಿದರೆ ಒಳಗಿನದು ಮುಳುಗುತ್ತೆ.
ಪೆನ್ಸಿಲಿನಿಂದ ನೆತ್ತಿಗೊಂದೊಂದು ಚುಕ್ಕೆ ಇಟ್ಟೆ.
ಅದೇ ವಾರ ಓಣಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿತು.
ಇಪ್ಪತ್ತಾರು, ಇಪ್ಪತ್ತನಾಲ್ಕು,
ಪೆಟ್ಟಿಗೆಯ ಮುಳ್ಳು ಇಳಿಯುತ್ತಲೇ ಹೋಯಿತು.
ಇಡೀ ಶಿವಮೊಗ್ಗದಲ್ಲಿ ಇಪ್ಪತ್ತೆಂಟು ಡಿಗ್ರಿ
ನನಗೆ ಗೊತ್ತಿದ್ದದ್ದು ಒಂದೇ ಕಡೆ:
ದುರ್ಗಿಗುಡಿಯ ಬೇಕರಿ, ನನ್ನ ರಾತ್ರಿ ಪಾಳಿ,
ಒಲೆಯ ಮೇಲಿನ ಹಲಗೆ,
ಬನ್ನಿನ ಹಿಟ್ಟು ಉಬ್ಬುವ ಜಾಗ.

ಶೇಷಗಿರಿ ಅಯ್ಯಂಗಾರರು ಐದಕ್ಕೆ ಬಂದರು.
ಹೆಸರಲ್ಲಿ ಶೇಷ,
ಎರೆಹುಳ ಕಂಡರೂ ಸ್ಟೂಲು ಹತ್ತುವ ಮನುಷ್ಯ.
'ಚೌಡ, ಪೆಟ್ಟಿಗೇಲಿ ಏನೋ?'
'ಮೊಟ್ಟೆ.'
ಅವರ ಮುಖ ನೋಡಬೇಕಿತ್ತು ನೀನು!
ನಲವತ್ತು ವರ್ಷದ ಬೋರ್ಡು ತಲೆಯ ಮೇಲೆ,
ಹಸಿರು ಅಕ್ಷರ: ನಮ್ಮಲ್ಲಿ ಮೊಟ್ಟೆ ಬಳಸುವುದಿಲ್ಲ.
'ಕೋಳೀದಲ್ಲ ಸ್ವಾಮಿ.'
'ಮತ್ತೆ?'
ಬೆಳಕು ಹರಿದಿರಲಿಲ್ಲ, ಹೆಸರು ಹೇಳುವ ಹೊತ್ತಲ್ಲ.
'ಹುಳದ್ದು.'
ಒಲೆಯೊಳಗೆ ಕೆಂಡವೊಂದು ಸಿಡಿಯಿತು.
ಬಹಳ ಹೊತ್ತು ನಿಂತರು.
'ಕೋಳೀದಲ್ಲ ತಾನೆ?' ಅಂದರು,
ಗಲ್ಲಾಪೆಟ್ಟಿಗೆಗೆ ಊದುಬತ್ತಿ ಹಚ್ಚಲು ಹೋದರು.

ಅರವತ್ತಮೂರು ಬೆಳಗು.
ಬರಬರುತ್ತಾ ಹಿಟ್ಟಿಗಿಂತ ಮೊದಲು
ಥರ್ಮಾಮೀಟರು ನೋಡತೊಡಗಿದರು, ಸ್ಟೂಲಿನ ಮೇಲೆ ನಿಂತೇ.
'ಇವತ್ತು ಕಾವು ಜಾಸ್ತಿ ಕಣೋ',
ಪೆಟ್ಟಿಗೆಯಡಿ ತಾವೇ ಇಟ್ಟಿಗೆ ಸೇರಿಸಿದರು.
ಎರಡು ಕುಸಿದು ಬೂಸ್ಟು ಹಿಡಿದವು.
ಏಳು ಸೀಳಿದವು. ಸೀಳಿನಲ್ಲಿ ಒಂದು ಮೂತಿ,
ಮತ್ತೆ ಒಳಗೆ, ಮತ್ತೆ ಮೂತಿ, ದಿನವಿಡೀ.
ಅಷ್ಟು ಒಳ್ಳೆ ವಾಸನೆ ಬಿಟ್ಟು
ಯಾರು ತಾನೇ ಬೇಗ ಏಳುತ್ತಾರೆ?

ನಿನ್ನದು ಮೂರನೆಯದು. ಹಟಮಾರಿ.
ಮೂರು ವಾರ ಇಲಿಮರಿಗೆ ಬೆನ್ನು ಹಾಕಿ ಮಲಗಿತ್ತು.
ಹಲ್ಲಿ ಬಿಟ್ಟುಹೋದ ಬಾಲ ಹುಡುಕಿ
ಇಲಿಮರಿಯ ಮೂತಿಗೆ ತಿಕ್ಕಿ ಇಟ್ಟೆ.
'ತಿನ್ನುತ್ತೆ' ಅಂದೆ, ಯಾರಿಗೆ ಅಂದೆನೋ.
ಟ್ಯೂಬ್‌ಲೈಟಿನ ಹಿಂದೆ ಬಾಲವಿಲ್ಲದ್ದು ಲೊಚಗುಟ್ಟಿತು.
ತಿಂದಿತು.

ಆ ಕೊನೇ ಮರಿ ಕೇಳಬೇಡ.
ಯಾರೂ ಏನೂ ಹೇಳಿಲ್ಲ.
ನಿನ್ನೆ ಬೆಳಗ್ಗೆ ಹಲಗೆಯ ಮೇಲೆ
ಖಾಲಿ ಬಿಸ್ಕತ್ತಿನ ಡಬ್ಬ ಇತ್ತು,
ಮುಚ್ಚಳಕ್ಕೆ ಮೊಳೆಯಿಂದ ಹೊಡೆದ ಹನ್ನೆರಡು ತೂತು,
ಸಾಲು ಸೊಟ್ಟ.

ಹೊರಡು. ಡಬ್ಬಿ ಅಂಗಿಯೊಳಗಿರಲಿ, ಕಿಟಕಿಗಾಳಿ ಆಗಲ್ಲ.
ಕಂಡಕ್ಟರ್ ಕೇಳಿದರೆ ಬನ್ನು ಅನ್ನು.
ಮುಟ್ಟಿ ನೋಡಲಿ ಬೇಕಾದರೆ,
ಬೆಚ್ಚಗೇ ಇದೆ.