ಎರಡು ಸುತ್ತಿಗೆ ಒಂದು

ಕರೆಂಟು ಇದ್ದಷ್ಟು ಹೊತ್ತು ಬನಹಟ್ಟಿಯೊಳಗ
ಯಾರ ಗಾಡಿ ಏನಂತು ಯಾರಿಗೂ ಕೇಳೂದಿಲ್ಲ.
ಅವತ್ತು ಕರೆಂಟು ಹೋತು.
ಓಣಿಯ ಮಗ್ಗ ಎಲ್ಲಾ ಒಮ್ಮೆಲೇ ಬಾಯಿ ಮುಚ್ಚಿದವು,
ಆಗ ಕೇಳಿತು ನಮ್ಮ ಓಮ್ನಿ:
ಟಿಕ್, ಟಿಕ್, ಟಿಕ್,
ಯಾರೋ ಉಗುರಿನಿಂದ ಸ್ಟೀಲಿನ ವಾಟಗಾ ಬಡದಂಗ.

ಎಷ್ಟು ದಿನದಿಂದ ಅಂತಿತ್ತೋ.
ತೇರದಾಳಕ್ಕ, ಮಹಾಲಿಂಗಪುರಕ್ಕ
ಸೀರಿ ಗಂಟು ಹೇರಿಕೊಂಡು
ಅದೇ ಸಪ್ಪಳದ ಮ್ಯಾಲ ಕುಂತು ಹೋಗಿ ಬಂದೇವಿ.

"ಎಂಜಿನ್ ಇಳಿಸಬೇಕು" ಅಂದ ಒಬ್ಬ, ಹದಿನೆಂಟು ಸಾವಿರ.
"ದಪ್ಪನ ಆಯಿಲ್ ಹಾಕ್ರಿ, ಬಾಯಿ ಕಟ್ಟತೈತಿ" ಅಂದ ಇನ್ನೊಬ್ಬ.
ಹಾಕಿ ನೋಡಿದೆ. ಕಟ್ಟಲಿಲ್ಲ.

ಮಾನಂದಾ ಕೈ ತೊಳಕೊಂಡು ಬಂದು
ಬಗ್ಗಿ ನಿಂತಳು, ಕಣ್ಣು ಮುಚ್ಚಿ.
ಇಪ್ಪತ್ತೆರಡು ವರ್ಷ ಪವರ್‌ಲೂಮಿನ ಮುಂದ ನಿಂತ ಕಿವಿ;
ನಾ ಕರದರ ಮೂರು ಸಲಕ್ಕ ಓ ಅಂತಾಳ.
"ಇದು ಪ್ರತಿ ಸುತ್ತಿಗೂ ಬಡಿಯಾಕ್ಹತ್ತಿಲ್ಲ," ಅಂದಳು,
"ಎರಡು ಸುತ್ತಿಗೆ ಒಂದು.
ನಮ್ಮ ಮಗ್ಗದಾಗ ಕೆಳಗಿನ ಶಾಫ್ಟು ತಿರುಗೂದು ಹಂಗ.
ಟ್ಯಾಪೆಟ್ ಸಡಿಲಾಗೈತಿ ನೋಡು."

ಲಾಡ್ಲೇಸಾಬ ಬಂದದ್ದು ಮರುದಿನ, ಹೊತ್ತು ಮೂಡೂಕಿಂತ ಮೊದಲು.
"ಬಿಸಿ ಇದ್ದಾಗ ಕಬ್ಬಿಣ ಖರೆ ಹೇಳೂದಿಲ್ಲ."
ಮುಂದಿನ ಸೀಟು ಎತ್ತಿದ, ಮಾನಂದಾ ಕೂಡೂ ಸೀಟು.
ಅದರ ಕೆಳಗ ಎಂಜಿನ್ನು,
ಒಂದು ಕೂದಲ ಪಿನ್ನು, ಎರಡು ಶೇಂಗಾ ಸಿಪ್ಪಿ.
ಮುಚ್ಚಳ ಬಿಚ್ಚಿದರ ಗ್ಯಾಸ್ಕೆಟ್ಟು ಸಂಡಿಗಿಯಂಗ ಮುರೀತು.
ಆರು ವಾಲ್ವು.
ಬೋಲ್ಟಿಗೆ ಪಾನಾ ಹಾಕಿ ಕೈಲೇ ಎಂಜಿನ್ ತಿರುವಿ
ಒಂದೊಂದರ ಸಂದಿಗೂ ಗೇಜಿನ ತೆಳ್ಳನ ಎಲಿ ತೂರಿಸಿ ನೋಡಿದ.
ಮೂರನೇ ಸಿಲಿಂಡರಿನ ಎಗ್ಜಾಸ್ಟಿನಾಗ
ಎರಡು ಎಲಿ ಜೋಡಿಸಿದರೂ ಆಡತಿತ್ತು.

"ಪೂರ್ತಿ ಬಿಗಿ ಮಾಡಿಬಿಡು," ಅಂದೆ, "ಮತ್ತ ಅನಬಾರದು."
ಅಂವ ನಗಲಿಲ್ಲ.
"ಸಪ್ಪಳ ಮಾಡೂ ವಾಲ್ವು ಹೆಂಗರ ಬಾಳತೈತಿ, ಕಾಕಾ.
ಬಿಗಿದು ಬಾಯಿ ಮುಚ್ಚಿಸಿದ್ದು ಒಳಗೊಳಗ ಸುಡತೈತಿ.
ಬೆಣ್ಣ್ಯಾಗಿನ ಕೂದಲದಂಗ ಜಾರಬಾರದು,
ಸಿಗಿಬೀಳಲೂಬಾರದು.
ಎಲಿ ಎಳದರ ಬೆರಳಿಗೆ ಊಂ ಅನ್ನಬೇಕು."
ನನ್ನ ಕೈಗೆ ಕೊಟ್ಟ. ಎಳದೆ.
ನನಗೇನೂ ಅನ್ನಲಿಲ್ಲ.
ಮಾನಂದಾ ಎಳದು ನೋಡಿ
"ಇನ್ನೊಂದು ಎಳಿಯಷ್ಟು ಬಿಡು," ಅಂದಳು. ಬಿಟ್ಟ.

ಹೊಸ ಗ್ಯಾಸ್ಕೆಟ್ಟು, ಮಜೂರಿ, ಚಹಾ ಸೇರಿ ಏಳನೂರಾ ಐವತ್ತು.
ಚಾವಿ ತಿರುವಿದೆ.
ಅಷ್ಟರಾಗ ಬೆಳಗಿನ ಪಾಳಿ ಶುರುವಾತು,
ಓಣಿ ತುಂಬ ಖಟಾಪಟಾ ಎದ್ದಿತು,
ಏನೂ ಕೇಳಲಿಲ್ಲ ನನಗ.
ಆಕಿ ಸೀಟಿನ ಮ್ಯಾಲ ಕುಂತು
ಎರಡೂ ಅಂಗೈ ತೊಡಿಯ ಬದಿಗೆ ಊರಿ
ಸ್ವಲ್ಪ ಹೊತ್ತು ಸುಮ್ಮನಿದ್ದಳು.
"ಅಂತೈತಿ," ಅಂದಳು, "ಬೇಕಾದಷ್ಟ."